ರಜೆಯ ಮರುದಿನದ ಜ್ವರ

ಮಕ್ಕಳೇ, ಈ ವಾರ ಮೊದಲು ಒಂದು ಒಗಟು. ಅಜ್ಜ-ಅಜ್ಜಿ ಪಕ್ಕದಲ್ಲಿದ್ದರೆ ಅವರನ್ನೂ ಕೂಡಿಸಿಕೊಂಡು ಬಿಡಿಸಿ.

ಒಂದು ಜ್ವರ ಇದೆ. ಸೊಳ್ಳೆ ಕಚ್ಚಿ ಬರುವುದಲ್ಲ, ಮಳೆಯಲ್ಲಿ ನೆನೆದು ಬರುವುದಲ್ಲ, ಒಬ್ಬರಿಂದ ಇನ್ನೊಬ್ಬರಿಗೆ ಅಂಟುವುದೂ ಇಲ್ಲ. ಹಗಲೆಲ್ಲ ದುಡಿದು ಮನೆಗೆ ಬಂದವನಿಗೆ ಸಂಜೆಯ ಹೊತ್ತಿಗೆ ಬಾಯಲ್ಲಿ ಲೋಹದ ರುಚಿ, ಗಂಟಲು ಒಣಗಿ ತಡೆಯಲಾರದ ಬಾಯಾರಿಕೆ. ರಾತ್ರಿ ಮೈ ನಡುಕ, ಕೀಲುಗಳಲ್ಲಿ ನೋವು, ಎರಡು ಕಂಬಳಿ ಹೊದ್ದರೂ ಹೋಗದ ಚಳಿ. ಒಂದು ದಿನ, ಹೆಚ್ಚೆಂದರೆ ಎರಡು ದಿನ. ಆಮೇಲೆ ಬೆವರು ಸುರಿದು ಜ್ವರ ಇಳಿಯುತ್ತದೆ. ಮತ್ತೆ ಅದೇ ಕೆಲಸಕ್ಕೆ ಹೋದರೆ ಜ್ವರ ಬರುವುದಿಲ್ಲ. ಆ ವಾರವೆಲ್ಲ ಬರುವುದಿಲ್ಲ. ರಜೆ ಕಳೆದು ಮತ್ತೆ ಕೆಲಸಕ್ಕೆ ಹೋದ ದಿನ ರಾತ್ರಿ ಪುನಃ ಹಾಜರು!

ಶಾಲೆಗೆ ಹೋಗಲು ಮನಸ್ಸಿಲ್ಲದವರಿಗೆ ಸೋಮವಾರ ಬೆಳಿಗ್ಗೆ ಬರುವ ಹೊಟ್ಟೆನೋವಿನಂಥದ್ದಲ್ಲ ಇದು. ಥರ್ಮಾಮೀಟರ್ ಇಟ್ಟು ನೋಡಿದರೆ ಪಾದರಸ ಏರುವ ನಿಜವಾದ ಜ್ವರ. ಯಾವುದು ಹೇಳಿ?

ಇದರ ಹೆಸರು ಲೋಹದ ಹೊಗೆ ಜ್ವರ. ಹೊರದೇಶದ ಕಾರ್ಖಾನೆಗಳಲ್ಲಿ ಇದನ್ನು ‘ಸೋಮವಾರದ ಜ್ವರ’ ಎಂದೂ ಕರೆಯುತ್ತಿದ್ದರು. ಇದನ್ನು ತರುವ ಲೋಹ ನಮ್ಮ ಬೀದರಿಗೆ ಪರದೇಶಿಯಲ್ಲ, ಮನೆಯವನೇ. ಪುಸ್ತಕದಲ್ಲಿ ಸತು, ನಮ್ಮ ಬಾಯಲ್ಲಿ ಜಸ್ತ.

ಬೀದರಿನ ಹೆಸರನ್ನು ಲೋಕಕ್ಕೆಲ್ಲ ಹೊತ್ತು ಹೋದ ಬಿದ್ರಿ ಕಲೆಯ ಮೂಲವಸ್ತು ಈ ಜಸ್ತ. ಹೂದಾನಿ, ಹುಕ್ಕಾ, ಡಬ್ಬಿ ಎಲ್ಲವೂ ಸುಮಾರು ಹದಿನಾರು ಪಾಲು ಜಸ್ತಕ್ಕೆ ಒಂದು ಪಾಲು ತಾಮ್ರ ಬೆರೆಸಿದ ಎರಕದಿಂದ ಆಗುತ್ತವೆ. ಎರಕ ಹೊಯ್ದ ಮೇಲೆ ಉಜ್ಜಿ ನಯ ಮಾಡುತ್ತಾರೆ. ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪಾಗಿಸುತ್ತಾರೆ, ಆಗ ಚೂಪು ಸಲಾಕೆಯಿಂದ ಗೀರಿದ ಗೆರೆ ಬೆಳ್ಳಗೆ ಕಾಣುತ್ತದೆ. ಗೆರೆಗಳನ್ನು ಉಳಿಯಿಂದ ಕೆತ್ತಿ ಬೆಳ್ಳಿಯ ತಂತಿ ಕೂರಿಸುತ್ತಾರೆ. ಕೊನೆಗೆ ಕೋಟೆಯ ಹಳೆಯ ಮಣ್ಣಿಗೆ ನವಸಾಗರ, ಅಂದರೆ ನಮ್ಮವರು ಹೇಳುವ ನೌಸಾದರ್, ಬೆರೆಸಿ ಬಿಸಿ ಮಾಡಿ ಉಜ್ಜಿದರೆ ಜಸ್ತ ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹಾಗೇ ಹೊಳೆಯುತ್ತದೆ. ಈ ಕಲೆಗೆ 2006ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. 2023ರಲ್ಲಿ ನಮ್ಮೂರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದಾಗ ಚಿದ್ರಿಯ ಚಹಾದಂಗಡಿಯಲ್ಲೂ ಅದೇ ಮಾತು.

ಹೂದಾನಿ ನೋಡುವಾಗ ನಮಗೆ ಬೆಳ್ಳಿಯ ಬಳ್ಳಿ ಕಾಣುತ್ತದೆ. ಅದರ ಹಿಂದಿನ ಕುಲುಮೆ ಕಾಣುವುದಿಲ್ಲ. ಜಸ್ತ ಸುಮಾರು 420 ಡಿಗ್ರಿಯಲ್ಲಿ ಕರಗುತ್ತದೆ, 907 ಡಿಗ್ರಿಯಲ್ಲಿ ಕುದಿಯುತ್ತದೆ. ತಾಮ್ರ ಕರಗಬೇಕಾದರೆ 1085 ಡಿಗ್ರಿ ಬೇಕು. ಎರಡನ್ನೂ ಕೂಡಿಸಲು ಬೆಂಕಿ ಜೋರು ಮಾಡಿದಾಗ ಜಸ್ತದ ಒಂದಿಷ್ಟು ಭಾಗ ಆವಿಯಾಗಿ, ಗಾಳಿ ತಾಕಿದ ಕೂಡಲೇ ಉರಿದು, ಬಿಳಿಯ ಹೊಗೆಯಾಗುತ್ತದೆ. ಹಿಂಜಿದ ಅರಳೆಯಂಥ ಹೊಗೆ. ನೋಡಲು ಚೆಂದ. ಅದೇ ಸತುವಿನ ಆಕ್ಸೈಡು.

ವಿಚಿತ್ರ ನೋಡಿ. ಬೆವರುಸಾಲೆಗೆ ಅಮ್ಮ ಹಚ್ಚುವ ನಸುಗೆಂಪು ಕ್ಯಾಲಮೈನ್ ಲೋಷನ್ನಿನಲ್ಲಿ ಇರುವುದೂ ಇದೇ ಸತುವಿನ ಆಕ್ಸೈಡು. ಚರ್ಮದ ಮೇಲೆ ಅದು ಮದ್ದು. ಹೊಗೆಯಾಗಿ ಎದೆಯೊಳಗೆ ಇಳಿದರೆ ಮೂರರಿಂದ ಹತ್ತು ಗಂಟೆಯೊಳಗೆ ಜ್ವರ. ಪದಾರ್ಥ ಒಂದೇ ಆದರೂ ಯಾವ ಬಾಗಿಲಿಂದ ಒಳಗೆ ಬಂತು ಎಂಬುದರ ಮೇಲೆ ಎಲ್ಲ ನಿಂತಿದೆ. ಬಿದ್ರಿ ಹೂದಾನಿಯನ್ನು ಮನೆಯಲ್ಲಿ ಇಟ್ಟುಕೊಳ್ಳಲು ಏನೂ ಅಳುಕಬೇಡಿ. ತೊಂದರೆ ಇರುವುದು ಕರಗಿಸುವ ಹೊತ್ತಿನಲ್ಲಿ, ಕಿಟಕಿ ಇಲ್ಲದ ಕೋಣೆಯಲ್ಲಿ.

ಬಿದ್ರಿ ಕೆಲಸದವರಿಗಷ್ಟೇ ಬರುವ ಜ್ವರವೂ ಅಲ್ಲ. ಜಸ್ತ ಲೇಪಿಸಿದ ಪೈಪು-ತಗಡುಗಳನ್ನು ವೆಲ್ಡಿಂಗ್ ಮಾಡುವಾಗ ಇದೇ ಬಿಳಿ ಹೊಗೆ ಏಳುತ್ತದೆ. ಗೇಟು, ಗ್ರಿಲ್, ಟ್ರಾಲಿ ಮಾಡುವ ಅಂಗಡಿ ಇಲ್ಲದ ಊರು ಭಾಲ್ಕಿಯಿಂದ ಔರಾದವರೆಗೆ ಯಾವುದಿದೆ? ಅಲ್ಲಿ ಕೆಲಸ ಕಲಿಯಲು ಹೋದ ಹುಡುಗ ಮೊದಲ ವಾರ ಮಲಗಿದರೆ ಮನೆಯವರು ಏನೆನ್ನುತ್ತಾರೆ? “ಬಿಸಿಲ ಬಡದದ ನೋಡ್ರಿ,” “ಮಲೇರಿಯಾ ಇದ್ದೀತು,” “ಕೆಲಸಕ್ಕ ಕಳ್ಳ ಬಿದ್ದಾನ.” ವಾರ ಕಳೆದು ಜ್ವರ ಬರದಿದ್ದಾಗ “ಈಗ ಮೈ ಹಣ್ಣಾಯ್ತು” ಎನ್ನುತ್ತಾರೆ. ಮೈ ಹಣ್ಣಾಗಿಲ್ಲ. ದೇಹ ನಾಲ್ಕು ದಿನದ ಮಟ್ಟಿಗೆ ಸಹಿಸಿಕೊಂಡಿದೆ, ಅಷ್ಟೇ. ಒಂದೆರಡು ದಿನ ರಜೆ ಸಿಕ್ಕರೆ ಆ ಸಹನೆಯೂ ಕರಗಿಹೋಗುತ್ತದೆ.

ವೆಲ್ಡಿಂಗ್ ಮಾಡುವವರಿಗೆ ಬೆಲ್ಲ, ಬಾಳೆಹಣ್ಣು, ಒಂದು ಲೋಟ ಹಾಲು ಕೊಡುವ ರೂಢಿ ಅನೇಕ ಕಡೆ ಇದೆ. ಕೊಡಲಿ, ದುಡಿಯುವವನಿಗೆ ಹಾಲು ಕೊಟ್ಟರೆ ಪುಣ್ಯವೇ. ಆದರೆ ಹಾಲು ಹೋಗುವುದು ಹೊಟ್ಟೆಗೆ, ಹೊಗೆ ಹೋಗುವುದು ಶ್ವಾಸಕೋಶಕ್ಕೆ. ಎರಡೂ ಬೇರೆ ಬೇರೆ ಖಾತೆ. ಒಂದರಲ್ಲಿ ಜಮಾ ಮಾಡಿದರೆ ಇನ್ನೊಂದರ ಸಾಲ ತೀರುವುದಿಲ್ಲ ಎಂದು ಮೂವತ್ತು ವರ್ಷಕ್ಕೂ ಹೆಚ್ಚು ಲೆಡ್ಜರ್ ಬರೆದ ನಾನು ಧೈರ್ಯವಾಗಿ ಹೇಳಬಲ್ಲೆ. ಮೂಗಿಗೆ ಕಟ್ಟಿದ ರುಮಾಲೂ ಸಾಲದು. ಈ ಹೊಗೆಯ ಕಣಗಳು ಬಟ್ಟೆಯ ನೇಯ್ಗೆಗಿಂತ ಎಷ್ಟೋ ಸಣ್ಣವು. ಬೇಕಾದದ್ದು ತೆರೆದ ಜಾಗ, ಹೊಗೆಯನ್ನು ಮುಖದಿಂದ ದೂರ ಎಳೆಯುವ ಫ್ಯಾನು, ಲೋಹದ ಹೊಗೆಗೆಂದೇ ಮಾಡಿದ ಮಾಸ್ಕು.

ಒಂದೆರಡು ದಿನದಲ್ಲಿ ತಾನೇ ಹೋಗುವ ಜ್ವರಕ್ಕೆ ಇಷ್ಟೊಂದು ಪುಟ ಏಕೆ ಎಂದು ಕೇಳಬಹುದು. ಈ ಜ್ವರದ ವೇಷ ಹಾಕಿಕೊಂಡು ಬರುವ ಇನ್ನೊಬ್ಬನಿದ್ದಾನೆ. ಅವನು ತಾನಾಗಿ ಹೋಗುವವನಲ್ಲ.

ಕೆಡಿಎಂ ಎಂದರೆ ಏನು?

ಅಜ್ಜಿಯರಿಗೆ ಈ ಮೂರಕ್ಷರ ಚೆನ್ನಾಗಿ ಗೊತ್ತು. ಕೆಡಿಎಂ ಬಳೆ, ಕೆಡಿಎಂ ಸರ. ಬಂಗಾರದ ಮೇಲೆ ಸಾಲ ಕೊಡುವಾಗ ನಮ್ಮ ಶಾಖೆಯ ಕೌಂಟರಿನಲ್ಲೂ ದಿನಕ್ಕೆ ಹತ್ತು ಸಲ ಈ ಮಾತು ಕೇಳುತ್ತಿತ್ತು: “ಸಾಹೇಬ್ರೆ, ಕೆಡಿಎಂ ಅದ, ಚೊಕ್ಕ ಬಂಗಾರ.” ಕೆಡಿಎಂ ಒಂದು ಕಂಪನಿಯ ಹೆಸರು ಎಂದುಕೊಂಡವರೂ ಇದ್ದರು. ಅದು ಕ್ಯಾಡ್ಮಿಯಂ ಎಂಬ ಲೋಹದ ಹೆಸರನ್ನು ಮೊಟಕು ಮಾಡಿದ್ದು.

ಬಂಗಾರದ ತುಂಡುಗಳನ್ನು ಬೆಸೆಯಲು ಮೊದಲು ತಾಮ್ರ, ಬೆಳ್ಳಿ ಹೆಚ್ಚು ಬೆರೆತ ಬೆಸುಗೆ ಬಳಸುತ್ತಿದ್ದರು. ಒಡವೆಯನ್ನು ಮತ್ತೆ ಕರಗಿಸಿದರೆ ಚೊಕ್ಕತನ ಇಳಿಯುತ್ತಿತ್ತು. ಕ್ಯಾಡ್ಮಿಯಂ ಬೆರೆಸಿದ ಬೆಸುಗೆಯಲ್ಲಿ ಬಂಗಾರದ ಪಾಲೇ ಬಹಳ. ಬೇಗ ಕರಗುತ್ತದೆ, ಚೆನ್ನಾಗಿ ಹರಿಯುತ್ತದೆ, ಚೊಕ್ಕತನ ಕಡಿಮೆಯಾಗುವುದಿಲ್ಲ. ಕೊಳ್ಳುವವರಿಗೆ ಲಾಭ. ಆದರೆ ಕ್ಯಾಡ್ಮಿಯಂ 767 ಡಿಗ್ರಿಗೇ ಕುದಿದು ಹೊಗೆಯಾಗುತ್ತದೆ. ಆ ಹೊಗೆ ಹೋಗುವುದು ಎಲ್ಲಿಗೆ? ಊದುಕೊಳವೆ ಹಿಡಿದು ಒಡವೆಯ ಮೇಲೆ ಬಾಗಿ ಕೂತ ಅಕ್ಕಸಾಲಿಗನ ಎದೆಗೆ. ಒಡವೆ ತೊಟ್ಟವರಿಗೆ ಆಗದ ಕೇಡು ಒಡವೆ ಮಾಡಿದವನಿಗೆ ಆಗುತ್ತಿತ್ತು.

ಕ್ಯಾಡ್ಮಿಯಂ ಹೊಗೆ ಹೆಚ್ಚು ಕುಡಿದವನಿಗೂ ಮೊದಲ ಕೆಲವು ಗಂಟೆ ಅದೇ ಲಕ್ಷಣ: ಚಳಿ, ಜ್ವರ, ಮೈಕೈ ನೋವು. ಜಸ್ತದ ಜ್ವರವೆಂದು ಮಲಗಿಬಿಟ್ಟರೆ ಮರುದಿನ ಇಳಿಯುವ ಬದಲು ಎದೆ ಬಿಗಿಯುತ್ತದೆ, ಉಸಿರು ಕಟ್ಟುತ್ತದೆ, ಶ್ವಾಸಕೋಶದಲ್ಲಿ ನೀರು ತುಂಬಿ ಪ್ರಾಣಕ್ಕೇ ಬರಬಹುದು. ವರ್ಷಗಟ್ಟಲೆ ಸ್ವಲ್ಪ ಸ್ವಲ್ಪ ಸೇರಿದರೆ ಮೂತ್ರಪಿಂಡದಲ್ಲಿ ಕೂತುಬಿಡುತ್ತದೆ. ಅಲ್ಲಿಂದ ಹೊರಹೋಗಲು ಹತ್ತಿಪ್ಪತ್ತು ವರ್ಷವೂ ಸಾಲದು. ಜಪಾನಿನ ಜಿಂಜು ನದಿಯ ಬಯಲಿನಲ್ಲಿ ಗಣಿಯ ಕ್ಯಾಡ್ಮಿಯಂ ನೀರಿಗೆ ಸೇರಿ, ಅಕ್ಕಿಗೆ ಸೇರಿ, ಉಂಡವರ ಮೂಳೆ ಮುರಿಯುವ ರೋಗ ಬಂತು. ಅದಕ್ಕೆ ಅಲ್ಲಿಯವರು ಇಟ್ಟ ಹೆಸರು ‘ಇತಾಯ್-ಇತಾಯ್’. ನಮ್ಮ ಭಾಷೆಯಲ್ಲಿ ‘ನೋವು ನೋವು’. 1968ರಲ್ಲಿ ಜಪಾನ್ ಸರ್ಕಾರ ಅದನ್ನು ಮಾಲಿನ್ಯದಿಂದ ಬಂದ ರೋಗವೆಂದು ಒಪ್ಪಿಕೊಂಡಿತು. ಕ್ಯಾಡ್ಮಿಯಂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವೂ ಹೇಳಿದೆ. ಇವತ್ತಿನ ಹಾಲ್‌ಮಾರ್ಕ್ ಬಂಗಾರದಲ್ಲಿ ಅದಕ್ಕೆ ಜಾಗವಿಲ್ಲ. ಆದ್ದರಿಂದ ಅಂಗಡಿಯಲ್ಲಿ ಯಾರಾದರೂ ಹೆಮ್ಮೆಯಿಂದ “ಕೆಡಿಎಂ” ಎಂದರೆ, ಅಜ್ಜಿಯರೇ, ನೀವು ಹಾಲ್‌ಮಾರ್ಕ್ ಕೇಳಿ. ಅದು ನಿಮ್ಮ ದುಡ್ಡಿಗೂ ಒಳ್ಳೆಯದು, ಮಾಡಿದವನ ಎದೆಗೂ ಒಳ್ಳೆಯದು.

ನಮ್ಮ ಶಾಖೆಗೆ ಬಂಗಾರ ಒರೆ ಹಚ್ಚಿ ನೋಡಲು ಒಬ್ಬ ಅಕ್ಕಸಾಲಿಗರು ಬರುತ್ತಿದ್ದರು. ಮಿತಭಾಷಿ, ಲೆಕ್ಕದಲ್ಲಿ ಗುಲಗಂಜಿಯಷ್ಟೂ ತಪ್ಪದವರು. ವರ್ಷ ಕಳೆದಂತೆ ಮೂರು ಮೆಟ್ಟಿಲು ಹತ್ತಿದರೆ ನಿಂತು ಉಸಿರು ತೆಗೆದುಕೊಳ್ಳುವಂತಾದರು. “ಬೀಡಿ ಬಿಡ್ರಿ” ಎಂದು ಕಂಡವರೆಲ್ಲ ಬುದ್ಧಿ ಹೇಳಿದರು. ಅವರು ಬೀಡಿ ಸೇದಿದವರೇ ಅಲ್ಲ. ಹೋದ ದವಾಖಾನೆಗಳಲ್ಲೆಲ್ಲ ಕೆಮ್ಮಿಗೆ ಔಷಧಿ ಕೊಟ್ಟರು. ಅವರ ಕಾಯಿಲೆ ಬೆಸುಗೆಯ ಹೊಗೆಯಿಂದಲೇ ಬಂತೆಂದು ನಾನು ಹೇಳಲಾರೆ, ನಾನು ವೈದ್ಯನಲ್ಲ. ಆದರೆ “ನೀವು ಏನು ಕೆಲಸ ಮಾಡುತ್ತೀರಿ?” ಎಂದು ತಮ್ಮನ್ನು ಯಾರೂ ಕೇಳಲಿಲ್ಲವೆಂದು ಅವರೇ ನನಗೆ ಹೇಳಿದ್ದರು. ಅರವತ್ತು ತುಂಬುವ ಮೊದಲೇ ತೀರಿಕೊಂಡರು.

ಮುನ್ನೂರು ವರ್ಷದ ಹಿಂದಿನ ಪ್ರಶ್ನೆ

ಆ ಪ್ರಶ್ನೆಯನ್ನು ಕೇಳಲೇಬೇಕು ಎಂದು ಬರೆದಿಟ್ಟವರು ಇಟಲಿಯ ವೈದ್ಯ ಬರ್ನಾರ್ಡಿನೋ ರಾಮಾಜಿನಿ. ಒಂದು ದಿನ ಅವರ ಮನೆಯ ಶೌಚದ ಗುಂಡಿಯನ್ನು ಒಬ್ಬ ಕೂಲಿಕಾರ ಸ್ವಚ್ಛ ಮಾಡುತ್ತಿದ್ದ. ಏನೋ ಬೆನ್ನಟ್ಟಿದಂತೆ ಅವಸರ ಅವಸರವಾಗಿ ಬಳಿಯುತ್ತಿದ್ದ. “ಇಷ್ಟು ಗಡಿಬಿಡಿ ಏಕೆ?” ಎಂದು ರಾಮಾಜಿನಿ ಕೇಳಿದರು. ಇದರಲ್ಲಿ ಹೆಚ್ಚು ಹೊತ್ತು ನಿಂತರೆ ಕಣ್ಣು ಹೋಗುತ್ತದೆ ಎಂದು ಅವನು ಹೇಳಿದ. ಅವನ ಕಣ್ಣು ನೋಡಿದರೆ ಕೆಂಪಾಗಿ ಮಂಜಾಗಿದ್ದವು. ಅಂದಿನಿಂದ ಅವರು ಕುಂಬಾರರು, ಗಣಿಯವರು, ಕನ್ನಡಿ ಮಾಡುವವರು, ಬಣ್ಣ ಅರೆಯುವವರು ಹೀಗೆ ಒಬ್ಬೊಬ್ಬರ ಕೆಲಸದ ಜಾಗಕ್ಕೂ ಹೋಗಿ ನೋಡಿ 1700ರಲ್ಲಿ ಒಂದು ಪುಸ್ತಕ ಬರೆದರು. ವೈದ್ಯರು ರೋಗಿಗೆ ಕೇಳುವ ಹಳೆಯ ಪ್ರಶ್ನೆಗಳ ಜೊತೆ ಇನ್ನೊಂದನ್ನು ಸೇರಿಸಿ ಎಂದರು: ನಿನ್ನ ಕಸುಬು ಯಾವುದು?

ಈ ಪ್ರಶ್ನೆ ಕೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆ ಇದೆ. ಕೋಲಾರದ ಚಿನ್ನದ ಗಣಿಯಲ್ಲಿ ಬಂಡೆ ಕೊರೆಯುವಾಗ ಏಳುವ ಧೂಳು ಎದೆಯಲ್ಲಿ ಕೂತು ಸಿಲಿಕೋಸಿಸ್ ಎಂಬ ರೋಗ ಬರುತ್ತಿತ್ತು. ಕೆಮ್ಮು, ಸೊರಗು, ಉಬ್ಬಸ. ಕ್ಷಯ ಎಂದೇ ಕಾಣುವಂಥ ಲಕ್ಷಣ. ಕ್ಷಯವೆಂದರೆ ಅದು ರೋಗಿಯ ದುರದೃಷ್ಟ. ಧೂಳಿನ ರೋಗವೆಂದರೆ ಗಣಿಯ ಹೊಣೆ. ಮೈಸೂರು ಸಂಸ್ಥಾನ 1940ರಲ್ಲಿ ಸಿಲಿಕೋಸಿಸ್‌ಗೆಂದೇ ನಿಯಮ ತಂದಿತು. ಕಾಯಿಲೆಗೆ ಸರಿಯಾದ ಹೆಸರು ಸಿಕ್ಕಿದ ಮೇಲಷ್ಟೇ ಪರಿಹಾರದ ಮಾತು ಶುರುವಾಯಿತು.

ಆಮೇಲೆ ದೇಶಕ್ಕೆಲ್ಲ 1948ರ ಫ್ಯಾಕ್ಟರಿ ಕಾಯ್ದೆ ಬಂತು. ಸೀಸದ ವಿಷ, ಸಿಲಿಕೋಸಿಸ್ ಮೊದಲಾದ ರೋಗಗಳನ್ನು ಕಂಡ ವೈದ್ಯರು ಸರ್ಕಾರಕ್ಕೆ ತಿಳಿಸಲೇಬೇಕು ಎಂದು ಅದರಲ್ಲಿ ಬರೆದರು. ಆದರೆ ಆ ಕಾಯ್ದೆಯಲ್ಲಿ ಫ್ಯಾಕ್ಟರಿ ಎನಿಸಿಕೊಳ್ಳಲು ವಿದ್ಯುತ್ ಇದ್ದರೆ ಹತ್ತು ಜನ, ಇಲ್ಲದಿದ್ದರೆ ಇಪ್ಪತ್ತು ಜನ ಕೆಲಸಗಾರರಿರಬೇಕಿತ್ತು. ತಂದೆ-ಮಗ-ಅಳಿಯ ಕೂಡಿ ನಡೆಸುವ ಎರಕದ ಮನೆ, ಇಬ್ಬರು ಹುಡುಗರ ವೆಲ್ಡಿಂಗ್ ಅಂಗಡಿ, ಒಬ್ಬನೇ ಕೂರುವ ಅಕ್ಕಸಾಲಿಗನ ಮಾಡ ಈ ಲೆಕ್ಕಕ್ಕೆ ಬರಲಿಲ್ಲ. ಅಲ್ಲಿಗೆ ಇನ್‌ಸ್ಪೆಕ್ಟರ್ ಬರುವುದಿಲ್ಲ. ಅಲ್ಲಿ ಪ್ರಶ್ನೆ ಕೇಳಬೇಕಾದವರು ಮನೆಯವರೇ.

ಅಂಗಿಯ ಜೊತೆ ಮನೆಗೆ ಬರುವ ವಿಷ

ಮೂರನೆಯ ಲೋಹದ ಬಗ್ಗೆ ಮಕ್ಕಳೇ ಕಿವಿಗೊಟ್ಟು ಕೇಳಬೇಕು. ಅದು ಸೀಸ. ಜಸ್ತ, ಕ್ಯಾಡ್ಮಿಯಂ, ಸೀಸ ಮೂರೂ ಅದಿರಿನಲ್ಲಿ ಒಟ್ಟಿಗೆ ಸಿಗುವ ಅಣ್ಣತಮ್ಮಂದಿರು. ಹಳೆಯ ಜಸ್ತದ ತುಂಡುಗಳಲ್ಲಿ ಉಳಿದಿಬ್ಬರೂ ಅಡಗಿರಬಹುದು. ಜಸ್ತ ಜ್ವರದಿಂದ ತನ್ನ ಸುಳಿವು ಕೊಡುತ್ತದೆ. ಸೀಸ ಏನೂ ಹೇಳುವುದಿಲ್ಲ. ಜ್ವರವಿಲ್ಲ, ವಾಸನೆಯಿಲ್ಲ. ಇನ್ವರ್ಟರ್, ಆಟೊ, ಟ್ರ್ಯಾಕ್ಟರ್‌ಗಳ ಹಳೆಯ ಬ್ಯಾಟರಿ ಒಡೆದು ಸೀಸ ಕರಗಿಸುವಲ್ಲಿ ಅದರ ಹೊಗೆ ಮತ್ತು ಧೂಳು ಅಂಗಿ, ತಲೆಗೂದಲು, ಚಪ್ಪಲಿಗಳಿಗೆ ಅಂಟುತ್ತದೆ. ಸಂಜೆ ಅಪ್ಪ ಮನೆಗೆ ಬರುತ್ತಾರೆ, ಚಿಕ್ಕ ತಂಗಿ ಓಡಿಹೋಗಿ ತೊಡೆ ಏರುತ್ತಾಳೆ, ಆ ಕೈಯನ್ನೇ ಬಾಯಿಗೆ ಹಾಕಿಕೊಳ್ಳುತ್ತಾಳೆ. ಅಪ್ಪ ದುಡಿದದ್ದು ಅವಳಿಗಾಗಿಯೇ. ವಿಷ ಅವಳಿಗೆ ತಲುಪಿದ್ದೂ ಅದೇ ದುಡಿಮೆಯ ಅಂಗಿಯಿಂದ.

ನುಂಗಿದ ಸೀಸವನ್ನು ದೊಡ್ಡವರ ಮೈಗಿಂತ ಮಕ್ಕಳ ಮೈ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ. ಅದು ಮಿದುಳಿನ ಬೆಳವಣಿಗೆಯನ್ನೇ ತಡೆಯುತ್ತದೆ. ಇಷ್ಟಿದ್ದರೆ ಪರವಾಗಿಲ್ಲ ಎನ್ನುವಂಥ ಪ್ರಮಾಣ ಯಾವುದೂ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಯುನಿಸೆಫ್ 2020ರಲ್ಲಿ ಹೊರತಂದ ವರದಿಯ ಪ್ರಕಾರ ಜಗತ್ತಿನ ಮೂರು ಮಕ್ಕಳಲ್ಲಿ ಒಬ್ಬರ, ಅಂದರೆ ಸುಮಾರು 80 ಕೋಟಿ ಮಕ್ಕಳ ರಕ್ತದಲ್ಲಿ ಸೀಸ ಎಚ್ಚರಿಕೆಯ ಮಟ್ಟ ಮುಟ್ಟಿದೆ. ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಪ್ರಾಧ್ಯಾಪಕ ಡಾ. ತುಪ್ಪಿಲ್ ವೆಂಕಟೇಶ್ ಈ ಒಂದೇ ಲೋಹದ ಬೆನ್ನು ಹತ್ತಿ ದಶಕಗಳ ಕಾಲ ದುಡಿದರು. ಜನ ಅವರನ್ನು ‘ಸೀಸದ ಮನುಷ್ಯ’ ಎಂದೇ ಕರೆದರು. 2000ರಲ್ಲಿ ದೇಶದ ಪೆಟ್ರೋಲಿನಿಂದ ಸೀಸ ಹೋಯಿತು. ಅದೊಂದು ದೊಡ್ಡ ಗೆಲುವು. ಬ್ಯಾಟರಿಯಿಂದ ಇನ್ನೂ ಹೋಗಿಲ್ಲ.

ಸೀಸ ಸೇರಿದ ಮಗು ಮಲಗುವುದಿಲ್ಲ, ನರಳುವುದಿಲ್ಲ. ಮಗ್ಗಿ ನೆನಪಿರುವುದಿಲ್ಲ, ಕೂತಲ್ಲಿ ಕೂರುವುದಿಲ್ಲ, ಊಟ ಸೇರುವುದಿಲ್ಲ, ಹೊಟ್ಟೆ ನೋವೆನ್ನುತ್ತದೆ. ಹೀಗಿರುವ ಮಕ್ಕಳಿಗೆಲ್ಲ ಸೀಸವೇ ಕಾರಣ ಎಂದಲ್ಲ, ಅಜ್ಜ-ಅಜ್ಜಿಯರೇ ಗಾಬರಿಯಾಗಬೇಡಿ. ಆದರೆ ಮನೆಯಲ್ಲಿ ಬ್ಯಾಟರಿ, ಎರಕ, ಬೆಸುಗೆಯ ಕೆಲಸವಿದ್ದು ಮಗು ಹಿಂದೆ ಬಿದ್ದಿದ್ದರೆ, ‘ದಡ್ಡ’ ಎಂದು ಬೈಯುವ ಮೊದಲು ವೈದ್ಯರಲ್ಲಿ ರಕ್ತದ ಸೀಸದ ಪರೀಕ್ಷೆಯ ಬಗ್ಗೆ ಕೇಳಿ.

ನಮ್ಮ ಕೋಳಾರದ, ಹುಮನಾಬಾದದ ಕೈಗಾರಿಕಾ ಪ್ರದೇಶಗಳಲ್ಲಿ ರಾಸಾಯನಿಕ ಮತ್ತು ಔಷಧಿ ಕಾರ್ಖಾನೆಗಳಿವೆ. ಈ ಪುಟ ಓದುವ ಎಷ್ಟೋ ಮಕ್ಕಳ ಅಪ್ಪ, ಅಣ್ಣ, ಮಾಮ ಅಲ್ಲಿ ಅಥವಾ ಹೈದರಾಬಾದಿನ ಆಸುಪಾಸಿನ ಇಂಥ ಕಾರ್ಖಾನೆಗಳಲ್ಲಿ ದುಡಿಯುತ್ತಾರೆ. ಅಲ್ಲಿ ಲೋಹವಷ್ಟೇ ಅಲ್ಲ, ಹೆಸರೇ ಹೇಳಲು ಬಾರದ ನೂರಾರು ದ್ರವಗಳು ಡ್ರಮ್ಮಿನಲ್ಲಿ ಬರುತ್ತವೆ. “ಏನು ಕೆಲಸ?” ಎಂದರೆ “ಕಂಪನಿ ಕೆಲಸ” ಎಂಬ ಉತ್ತರ ಬರುತ್ತದೆ. ಅಷ್ಟು ಸಾಲದು. ಯಾವ ಡ್ರಮ್ಮು? ಅದರ ಮೇಲೆ ಏನು ಬರೆದಿದೆ? 1984ರ ಡಿಸೆಂಬರಿನಲ್ಲಿ ಭೋಪಾಲದ ಜನ ಓಡಿದಾಗ ತಾವು ಉಸಿರಾಡುತ್ತಿರುವುದು ಏನೆಂದೇ ಅವರಿಗೆ ಗೊತ್ತಿರಲಿಲ್ಲ. ಅದಾದ ಮೇಲೆ 1987ರಲ್ಲಿ ಫ್ಯಾಕ್ಟರಿ ಕಾಯ್ದೆಗೆ ತಿದ್ದುಪಡಿ ಮಾಡಿ, ತಾನು ಮುಟ್ಟುವ ವಸ್ತುವಿನ ಅಪಾಯವನ್ನು ತಿಳಿಯುವ ಹಕ್ಕನ್ನು ಕೆಲಸಗಾರನಿಗೆ ಕೊಟ್ಟರು. ಕೇಳುವುದು ಉದ್ಧಟತನವಲ್ಲ.

ಈ ವಾರದ ಮನೆಗೆಲಸ

ಒಂದು: ಮನೆಯಲ್ಲಿ ದುಡಿಯುವ, ಹಿಂದೆ ದುಡಿದ ಎಲ್ಲರನ್ನೂ ಕೂರಿಸಿಕೊಂಡು ಎರಡು ಪ್ರಶ್ನೆ ಕೇಳಿ. ಏನು ಕೆಲಸ? ಯಾವ ವಸ್ತುವಿನ ಜೊತೆ? ಅಜ್ಜನನ್ನು ಬಿಡಬೇಡಿ. ನಲವತ್ತು ವರ್ಷದ ಹಿಂದೆ ಅಚ್ಚುಕೂಟದಲ್ಲಿ ಸೀಸದ ಮೊಳೆ ಜೋಡಿಸಿದ್ದೂ ಲೆಕ್ಕಕ್ಕೆ ಬರುತ್ತದೆ. ಉತ್ತರವನ್ನು ದುಂಡಗಿನ ಅಕ್ಷರದಲ್ಲಿ ಬರೆದು ಅವರ ದವಾಖಾನೆ ಫೈಲಿನ ಮೊದಲ ಪುಟಕ್ಕೆ ಅಂಟಿಸಿ. ವೈದ್ಯರು ಕೇಳದಿದ್ದರೆ ನೀವೇ ತೋರಿಸಿ. ಬ್ರಿಮ್ಸ್‌ನಂಥ ದೊಡ್ಡ ಆಸ್ಪತ್ರೆಯ ಗದ್ದಲದಲ್ಲಿ ಮಾತಿಗಿಂತ ಚೀಟಿ ಬೇಗ ಕೆಲಸ ಮಾಡುತ್ತದೆ.

ಎರಡು: ಡ್ರಮ್ಮು, ಚೀಲ, ಡಬ್ಬಿಗಳ ಮೇಲೆ ಕೆಂಪು ಅಂಚಿನ, ವಜ್ರಾಕಾರದ ಬಿಳಿ ಚೌಕದೊಳಗೆ ಚಿತ್ರವಿರುತ್ತದೆ. ತಲೆಬುರುಡೆ ಇದ್ದರೆ ಕೂಡಲೇ ಕೊಲ್ಲುವಂಥ ವಿಷ. ಮನುಷ್ಯನ ಎದೆಯಲ್ಲಿ ನಕ್ಷತ್ರ ಸಿಡಿದಂತಿದ್ದರೆ ನಿಧಾನವಾಗಿ ಒಳಗೇ ಹಾಳು ಮಾಡುವಂಥದ್ದು. ಕೈ ಮೇಲೆ ದ್ರವ ಸುರಿದಂತಿದ್ದರೆ ಸುಡುವಂಥದ್ದು. ಈ ಮೂರನ್ನೂ ಬಿಡಿಸಿ ಅಪ್ಪನಿಗೆ ತೋರಿಸಿ, ಅವರು ದಿನಾ ನೋಡುವುದು ಯಾವುದೆಂದು ಕೇಳಿ. ಇಂಗ್ಲಿಷ್ ಓದಲು ಬಾರದ ಅಪ್ಪನಿಗೆ ಲೇಬಲ್ ಓದಿ ಹೇಳುವುದು ನಿಮ್ಮ ಜವಾಬ್ದಾರಿ.

ಮೂರು: ಕೆಲಸದ ಬಟ್ಟೆ ಬೇರೆ, ಮನೆಯ ಬಟ್ಟೆ ಬೇರೆ. ಬದಲಿಸಿ, ಕೈ-ಮುಖ ತೊಳೆದು ಆಮೇಲೆ ಮಕ್ಕಳನ್ನು ಎತ್ತಿಕೊಳ್ಳಬೇಕು. ಕೆಲಸದ ಬಟ್ಟೆಯನ್ನು ಮನೆಯೊಳಗೆ ಕೊಡವಬಾರದು, ಮಕ್ಕಳ ಬಟ್ಟೆಯ ಜೊತೆ ಒಗೆಯಬಾರದು. ಕೆಮಿಕಲ್ ಡ್ರಮ್ಮು ಎಷ್ಟೇ ಗಟ್ಟಿಯಿದ್ದರೂ ನೀರು ತುಂಬಲು ತರಬಾರದು. ಮೈಲುತುತ್ತದ ನೀಲಿ ಹರಳು ಕಲ್ಲುಸಕ್ಕರೆಯಂತೆ ಕಂಡರೂ ವಿಷ, ಮಕ್ಕಳ ಕೈಗೆ ಸಿಗದಂತೆ ಎತ್ತಿಡಿ.

ನಾಲ್ಕು: ಹೊಗೆಯಲ್ಲಿ ಕೆಲಸ ಮಾಡಿ ಬಂದವರಿಗೆ ಜ್ವರದ ಜೊತೆ ಎದೆ ಬಿಗಿತ ಅಥವಾ ಉಬ್ಬಸ ಇದ್ದರೆ, ಇಲ್ಲವೇ ಜ್ವರ ಮರುದಿನ ಇಳಿಯುವ ಬದಲು ಏರಿದರೆ, ಕಾಯಬೇಡಿ. ಅಂದೇ ಆಸ್ಪತ್ರೆಗೆ ಹೋಗಿ, “ಇಂಥ ಲೋಹದ ಹೊಗೆ ಕುಡಿದಾರ್ರಿ” ಎಂದು ಮೊದಲ ಮಾತಿಗೇ ಹೇಳಿ.

ಮೊದಲನೆಯ ಮನೆಗೆಲಸ ಮಾಡಿದವರು ಅಜ್ಜನ ಕಸುಬಿನ ಬಗ್ಗೆ ಗೊತ್ತಾದ ಹೊಸ ಸಂಗತಿಯನ್ನು ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡಿನಲ್ಲಿ ಬರೆದು ಕಳಿಸಿ. ಒಳ್ಳೆಯವನ್ನು ಮುಂದಿನ ವಾರಗಳಲ್ಲಿ ಇಲ್ಲೇ ಹಂಚಿಕೊಳ್ಳೋಣ.